ದೇಶದ ಚುನಾವಣೆಯಲ್ಲಿ ಸೋತ ಪಕ್ಷ ಮತ್ತೆ ಕಟ್ಟಿಕೊಳ್ಳುವುದು ಎಲ್ಲಿಂದ?

ಪ್ರಶ್ನೆ: ತಾಲ್ಲೂಕು ಕಾರ್ಯಕರ್ತ

ನಾನು ಒಂದು ರಾಷ್ಟ್ರೀಯ ಪಕ್ಷದ ಯುವ ಘಟಕದಲ್ಲಿ ತಾಲ್ಲೂಕು ಮಟ್ಟದ ಪದಾಧಿಕಾರಿ. ಯಾವ ಪಕ್ಷ ಎಂದು ಹೇಳುವುದಿಲ್ಲ. ಹೇಳಿದ ಕೂಡಲೇ ಪ್ರಶ್ನೆ ಪಕ್ಕಕ್ಕೆ ಸರಿದು ಪಕ್ಷದ ಮೇಲೆ ಜಗಳ ಶುರುವಾಗುತ್ತದೆ. ಲೋಕಸಭೆಗೆ ನಮ್ಮ ಕ್ಷೇತ್ರದಲ್ಲೂ ಸೋತೆವು, ದೆಹಲಿಯಲ್ಲೂ ಅಂದುಕೊಂಡದ್ದು ಆಗಲಿಲ್ಲ ಎಂದು ತಿಳಿದರೆ ಸಾಕು.

ಆತ್ಮಾವಲೋಕನ ಸಭೆ ಎಂದು ಕಲ್ಯಾಣ ಮಂಟಪವೊಂದರಲ್ಲಿ ಸೇರಿಸಿದ್ದರು. ವೀಕ್ಷಕರು ಬರುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ವೇದಿಕೆಯಲ್ಲಿದ್ದವರು ಟಿಕೆಟ್ ಹಂಚಿದವರು, ಇಲ್ಲವೇ ಟಿಕೆಟ್ ಪಡೆದವರು. ಒಬ್ಬರಾದ ಮೇಲೆ ಒಬ್ಬರು ‘ಒಗ್ಗಟ್ಟಿನಿಂದ ದುಡಿಯೋಣ’ ಎಂದರು. ಬೂತ್ ಅಧ್ಯಕ್ಷರೊಬ್ಬರು ಎದ್ದು ನಿಂತು, ‘ನಮ್ಮ ಬೂತಿಗೆ ಮತದಾರರ ಚೀಟಿ ಬಂದದ್ದೇ ಮತದಾನದ ಹಿಂದಿನ ರಾತ್ರಿ’ ಎನ್ನುವಷ್ಟರಲ್ಲಿ ಮೈಕ್ ಬೇರೆಯವರ ಕೈ ಸೇರಿತ್ತು. ಊಟ ಮಾತ್ರ ಚೆನ್ನಾಗಿತ್ತು.

ಈಗ ಜಿಲ್ಲಾ ಸಭೆಯಲ್ಲಿ ಯುವಕರ ಪರವಾಗಿ ಹತ್ತು ನಿಮಿಷ ಮಾತನಾಡಲು ಹೇಳಿದ್ದಾರೆ. ನಾಯಕನನ್ನು ಬದಲಿಸಬೇಕು, ಸಾಮಾಜಿಕ ಜಾಲತಾಣದಲ್ಲಿ ಬಲಗೊಳ್ಳಬೇಕು, ಸಿದ್ಧಾಂತಕ್ಕೆ ಮರಳಬೇಕು ಎಂಬ ಮಾತುಗಳನ್ನು ಎಲ್ಲರೂ ಆಡುತ್ತಾರೆ. ನನಗೆ ಬೇಕಾದದ್ದು ಬೇರೆ. ಹಿಂದೆ ಹೀಗೆ ಸೋತ ಪಕ್ಷಗಳು ನಿಜವಾಗಿ ಏನು ಮಾಡಿದವು? ಮಾಡಿದ್ದರಲ್ಲಿ ಯಾವುದು ಕೆಲಸ ಮಾಡಿತು? ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ಉತ್ತರ: ಹೊಸ ಮತದಾರ

ಇಷ್ಟೊಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಮುಖ ಬದಲಿಸಿ. ಈಗ ಜನ ಮತ ಹಾಕುವುದು ಮುಖ ನೋಡಿ. 2014ರಲ್ಲಿ ಕಾಂಗ್ರೆಸ್ ಲೋಕಸಭೆಯಲ್ಲಿ 44 ಸ್ಥಾನಕ್ಕೆ ಇಳಿದಾಗ ಸೋಲಿನ ಕಾರಣ ಹುಡುಕಲು ಎ.ಕೆ. ಆಂಟನಿ ಸಮಿತಿ ಕೂತಿತು, ವರದಿಯನ್ನೂ ಕೊಟ್ಟಿತು. ಆ ವರದಿ ಜನರ ಮುಂದೆ ಬರಲೇ ಇಲ್ಲ. 2019ರಲ್ಲಿ ಸಿಕ್ಕದ್ದು 52. ಸಮಿತಿಯ ಬೆಲೆ ಎಂಟು ಸ್ಥಾನ.

ಉತ್ತರ: ಹಳೇ ಜನತಾ

ಮೇಲಿನವರ ಅಂಕಿ ಸರಿಯಾಗಿದೆ, ತೀರ್ಮಾನ ಅವಸರದ್ದು. ಸಮಿತಿಯಿಂದ ಆಗದ್ದು ಮುಖದಿಂದ ಆಗುತ್ತದೆ ಎನ್ನುವುದಕ್ಕೆ ಅವರು ಯಾವ ಸಾಕ್ಷಿಯನ್ನೂ ಕೊಟ್ಟಿಲ್ಲ.

ನಾನು ಯಾರೆಂದು ಮೊದಲು ಹೇಳುತ್ತೇನೆ. ಯಾರ ಕಡೆಯವನೆಂದು ತಿಳಿಯದೆ ರಾಜಕೀಯದ ಮಾತು ಕೇಳಬಾರದು. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟದಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿ ದುಡಿದು ನಿವೃತ್ತನಾದವನು. ಹುಡುಗನಾಗಿದ್ದಾಗಿನಿಂದ ಜನತಾ ಪಕ್ಷದವನು. ಆ ಪಕ್ಷ ಈಗಿಲ್ಲ. ಅದರ ಚೂರುಗಳಿವೆ, ಅವುಗಳಲ್ಲಿ ಯಾವುದಕ್ಕೂ ನಾನು ಚಂದಾ ಕೊಟ್ಟಿಲ್ಲ. ಹೀಗಾಗಿ ಈ ಮಾತಿನಿಂದ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ನೀವು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ: ಮರಳಿ ಗೆಲ್ಲುವುದೂ ಪಕ್ಷವನ್ನು ಮರಳಿ ಕಟ್ಟುವುದೂ ಒಂದೇ ಅಲ್ಲ. ಎದುರಿನವರು ಎಡವಿದರೂ ಗೆಲುವು ಬರುತ್ತದೆ. ಕಟ್ಟುವ ಕೆಲಸವನ್ನು ಎದುರಿನವರು ಮಾಡಿಕೊಡುವುದಿಲ್ಲ. ನಮ್ಮ ಜಿಲ್ಲೆಯಲ್ಲೇ ನಡೆದದ್ದನ್ನು ನೋಡಿ.

1977ರ ಮಾರ್ಚ್‌ನಲ್ಲಿ ಕಾಂಗ್ರೆಸ್ 154 ಸ್ಥಾನಕ್ಕೆ ಕುಸಿಯಿತು. ಉತ್ತರ ಪ್ರದೇಶದ 85ರಲ್ಲಿ ಒಂದೂ ಇಲ್ಲ, ಬಿಹಾರದ 54ರಲ್ಲಿ ಒಂದೂ ಇಲ್ಲ. ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತರು. ಇತ್ತ ಕರ್ನಾಟಕದಲ್ಲಿ 28ರಲ್ಲಿ 26 ಅವರದೇ! ನಮಗೆ ಸಿಕ್ಕದ್ದು ಬೆಂಗಳೂರು ದಕ್ಷಿಣ ಮತ್ತು ಹಾಸನ, ಎರಡೇ. ದೇಶವೆಲ್ಲ ಪಟಾಕಿ ಹೊಡೆಯುತ್ತಿದ್ದಾಗ ನಾವು ಇಲ್ಲಿ ಮುಖ ಒಣಗಿಸಿಕೊಂಡು ಕೂತಿದ್ದೆವು. ಗೆದ್ದ ಪಕ್ಷದಲ್ಲಿದ್ದೂ ಸೋತವರಂತಿರುವ ವಿಚಿತ್ರ ಅನುಭವ ಅದು.

ಇಂದಿರಾ ಆಮೇಲೆ ಮಾಡಿದ್ದನ್ನು ಈಗ ಎಲ್ಲರೂ ಬರೀ ನಾಟಕ ಎನ್ನುತ್ತಾರೆ. ನಾಟಕವೂ ಹೌದು. ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟು ಕೊಂದ ಸುದ್ದಿ ಬಂದಾಗ ಸರ್ಕಾರ ನಡೆಸುತ್ತಿದ್ದ ನಮ್ಮವರು ಹೇಳಿಕೆ ಕೊಟ್ಟರು. ಅಧಿಕಾರ ಕಳೆದುಕೊಂಡ ಆಕೆ 1977ರ ಆಗಸ್ಟ್‌ನಲ್ಲಿ, ಮಳೆಯ ಕೆಸರಿನಲ್ಲಿ, ಕಡೆಗೆ ಆನೆಯ ಮೇಲೆ ಕೂತು ಆ ಹಳ್ಳಿಗೆ ಹೋದರು. ಅಕ್ಟೋಬರ್‌ನಲ್ಲಿ ನಮ್ಮವರು ಅವರನ್ನು ಬಂಧಿಸಿದರು, ಮಾರನೆಯ ದಿನವೇ ಬಿಡಬೇಕಾಯಿತು. 1978ರ ಜನವರಿಯಲ್ಲಿ ಪಕ್ಷ ಒಡೆಯಿತು, ಹಸು ಕರುವಿನ ಚಿಹ್ನೆ ಹೋಯಿತು, ಕೈ ಬಂತು. ಒಂದೇ ತಿಂಗಳ ನಂತರ ಕರ್ನಾಟಕ ವಿಧಾನಸಭೆ ಚುನಾವಣೆ. ಹೊಸ ಚಿಹ್ನೆಯನ್ನು ಜನಕ್ಕೆ ತಿಳಿಸಲೂ ಸಮಯವಿರಲಿಲ್ಲ ಎಂದುಕೊಂಡಿದ್ದೆವು. 224ರಲ್ಲಿ 149 ಗೆದ್ದರು.

ಆ ವರ್ಷ ನವೆಂಬರ್‌ನಲ್ಲಿ ಚಿಕ್ಕಮಗಳೂರು ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದ್ದರು. ನಮ್ಮ ಅಭ್ಯರ್ಥಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಒಳ್ಳೆಯ ಹೆಸರಿದ್ದವರು. ಜಾರ್ಜ್ ಫರ್ನಾಂಡಿಸ್ ಇಲ್ಲೇ ಬೀಡುಬಿಟ್ಟಿದ್ದರು. ನಾನು ತೋಟಗಳಲ್ಲಿ ಕೂಲಿಯವರಿರುವ ಲೈನ್ ಮನೆಗಳಿಗೆ ಚೀಟಿ ಹಂಚುವ ಗುಂಪಿನಲ್ಲಿದ್ದೆ. ನಮ್ಮ ಭಾಷಣಗಾರರು ತುರ್ತು ಪರಿಸ್ಥಿತಿ, ಸೆನ್ಸಾರ್‌ಶಿಪ್, ಆಗಿನ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗ ಎನ್ನುತ್ತಿದ್ದರು. ಎಲ್ಲವೂ ನಿಜವೇ. ಕೇಳುವವರು ತಲೆ ಆಡಿಸುತ್ತಿದ್ದರು. ಆಮೇಲೆ ಗೇಣಿದಾರರೊಬ್ಬರ ಮನೆಗೆ ಹೋದರೆ, ಒಳಗಿನಿಂದ ಭೂ ನ್ಯಾಯಮಂಡಳಿಯ ಕಾಗದ ತಂದು ತೋರಿಸುತ್ತಿದ್ದರು. ಗೇಣಿಯ ಜಮೀನು ತಮಗೆ ಬರಲೆಂದು ಫಾರಂ 7 ಅರ್ಜಿ ಹಾಕಿದ್ದು, ವಿಚಾರಣೆಗೆ ಕರೆದದ್ದು, ಒಡೆಯರ ವಕೀಲರ ಎದುರು ನಿಂತದ್ದು, ಕೊನೆಗೆ ಜಮೀನು ತಮ್ಮ ಹೆಸರಿಗೆ ಬಂದದ್ದು, ಇಡೀ ಕಥೆ. ಆ ಮನೆಯ ಹೆಂಗಸು ನಮಗೆ ಕಾಫಿ ಕೊಟ್ಟು, ‘ನೀವು ಹೇಳುವುದೆಲ್ಲ ಸರಿ ಇರಬಹುದಪ್ಪ, ಈ ಕಾಗದ ಕೊಟ್ಟವರು ಯಾರು ಹೇಳಿ’ ಎಂದರು. ನಮ್ಮ ಗುಂಪಿನ ಹಿರಿಯರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಕೊಟ್ಟದ್ದು ಇಂದಿರಾ ಪಕ್ಷದ ಮುಖ್ಯಮಂತ್ರಿ ದೇವರಾಜ ಅರಸರ ಸರ್ಕಾರ. ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಇದರಲ್ಲಿ ನಿಮ್ಮ ಮೊದಲ ಪಾಠವಿದೆ. ಸೋತ ಪಕ್ಷ ಎಲ್ಲಿ ಬಿದ್ದಿದೆಯೋ ಅಲ್ಲಿಂದ ಏಳುವುದಿಲ್ಲ, ಎಲ್ಲಿ ಇನ್ನೂ ನಿಂತಿದೆಯೋ ಅಲ್ಲಿಂದ ಏಳುತ್ತದೆ. ಇಂದಿರಾ ರಾಯ್‌ಬರೇಲಿಯಲ್ಲಿ ಪ್ರಾಯಶ್ಚಿತ್ತ ಮಾಡುತ್ತ ಕೂರಲಿಲ್ಲ. ಬೇರೆಯವರು ಮಾಡಿದ ಕೆಲಸ ಇನ್ನೂ ಹಸಿಯಾಗಿದ್ದ ಊರಿಗೆ ಬಂದರು.

ಪತ್ರಿಕೆಗಳ ವಾರ್ಷಿಕೋತ್ಸವದ ಲೇಖನಗಳು ಇಲ್ಲಿಗೆ ನಿಲ್ಲುತ್ತವೆ. ‘ಏಕ್ ಶೇರ್ನಿ ಸೌ ಲಂಗೂರ್’ (ಒಂದು ಹೆಣ್ಣು ಸಿಂಹ, ನೂರು ಮುಸುವ) ಎಂಬ ಆ ಉಪಚುನಾವಣೆಯ ಘೋಷಣೆಯನ್ನು ನೆನೆದು ಮುಗಿಸುತ್ತಾರೆ. ಮುಂದಿನದನ್ನೂ ಓದಬೇಕು. ಗೆಲ್ಲಿಸಿಕೊಟ್ಟ ಅರಸರನ್ನು 1979ರಲ್ಲಿ ಪಕ್ಷ ಹೊರಹಾಕಿತು. 1980ರ ಜನವರಿಯಲ್ಲಿ ಕಾಂಗ್ರೆಸ್‌ಗೆ ದೇಶದಲ್ಲಿ 353, ಕರ್ನಾಟಕದಲ್ಲಿ 28ಕ್ಕೆ 27. ಅರಸರು ಮೂಲೆಗುಂಪಾದರು. ದೆಹಲಿಯ ಲೆಕ್ಕದಲ್ಲಿ ಇದು ಸಂಪೂರ್ಣ ಪುನರುತ್ಥಾನ. ಆದರೆ ಮೂರೇ ವರ್ಷದಲ್ಲಿ, 1983ರ ಜನವರಿಯಲ್ಲಿ, ಈ ರಾಜ್ಯ ಹುಟ್ಟಿದಾಗಿನಿಂದ ಒಮ್ಮೆಯೂ ವಿಧಾನಸಭೆ ಚುನಾವಣೆಯಲ್ಲಿ ಸೋಲದಿದ್ದ ಕಾಂಗ್ರೆಸ್ 82ಕ್ಕೆ ಇಳಿದು ಅಧಿಕಾರ ಕಳೆದುಕೊಂಡಿತು. ಹಿಂದುಳಿದ ವರ್ಗದ, ಗೇಣಿದಾರರ ಮನೆಗಳಲ್ಲಿ ಅರಸರು ಹತ್ತು ವರ್ಷ ಕೂಡಿಸಿದ್ದ ಸಂಬಂಧಗಳ ಉಸ್ತುವಾರಿ ನೋಡಿಕೊಳ್ಳಲು ಆಗ ಅಲ್ಲಿ ಯಾರೂ ಇರಲಿಲ್ಲ. ಅಲೆಯಲ್ಲಿ ಗೆದ್ದವರಿಗೆ ಹೀಗೆ ಆಗುವುದು ಸಹಜ.

ಇನ್ನು ನಾವು. 1980ರಲ್ಲಿ ಜನತಾ ಪಕ್ಷ ದೇಶದಲ್ಲಿ 31ಕ್ಕೆ ಇಳಿಯಿತು. ಮೂರು ವರ್ಷ ಮೊದಲು 295 ಇದ್ದ ಪಕ್ಷ. ಕರ್ನಾಟಕದಲ್ಲಿ ಒಂದು ಸ್ಥಾನ. ಅದಾದ ಮೇಲೆ ನಮ್ಮ ತಾಲ್ಲೂಕು ಕಚೇರಿಯ ಬಾಡಿಗೆ ಕಟ್ಟುವವರೇ ಇರಲಿಲ್ಲ. ಅಂಥ ಪಕ್ಷ 1983ರಲ್ಲಿ 95 ಸ್ಥಾನ ಗೆದ್ದು ರಾಮಕೃಷ್ಣ ಹೆಗಡೆಯವರನ್ನು ಮುಖ್ಯಮಂತ್ರಿ ಮಾಡಿದ್ದು ಹೇಗೆ? ಹೆಗಡೆಯವರ ಮುಖದಿಂದ ಎನ್ನಬೇಡಿ. ಆ ಚುನಾವಣೆಗೆ ಅವರು ಅಭ್ಯರ್ಥಿಯೇ ಆಗಿರಲಿಲ್ಲ.

1980ರ ಜುಲೈಯಲ್ಲಿ ನರಗುಂದ, ನವಲಗುಂದದಲ್ಲಿ ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ರೈತ ಸಂಘ ಹುಟ್ಟಿತು. 1982ರಲ್ಲಿ ಗೋಕಾಕ್ ವರದಿ ಜಾರಿಗಾಗಿ ಇಡೀ ರಾಜ್ಯ ಬೀದಿಗಿಳಿಯಿತು. ದಲಿತ ಸಂಘರ್ಷ ಸಮಿತಿ ಊರೂರಿನಲ್ಲಿತ್ತು. ಇವುಗಳಲ್ಲಿ ಒಂದನ್ನೂ ಜನತಾ ಪಕ್ಷ ಹುಟ್ಟಿಸಲಿಲ್ಲ. ನಾವು ಮಾಡಿದ್ದು ಇಷ್ಟೇ: ಆ ಸಭೆಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಬಾವುಟ ಒಯ್ಯಲಿಲ್ಲ, ಏಕೆಂದರೆ ಬಾವುಟ ಕಂಡರೆ ಓಡಿಸುತ್ತಿದ್ದರು. ಬಂಧಿತರ ಜಾಮೀನಿಗೆ ನಮ್ಮ ವಕೀಲರು ನಿಂತರು. ಚುನಾವಣೆ ಬರುವ ಹೊತ್ತಿಗೆ ಸಿಟ್ಟಾದ ಜನಕ್ಕೆ ಒಂದು ವಿಳಾಸ ಬೇಕಿತ್ತು, ನಮ್ಮದು ಅವರಿಗೆ ಗೊತ್ತಿತ್ತು. ಅರಸರು ಆರಂಭಿಸಿ, ಆಗ ಬಂಗಾರಪ್ಪನವರ ಕೈಯಲ್ಲಿದ್ದ ಕ್ರಾಂತಿರಂಗ ಪಕ್ಷವೂ ಜೊತೆಗೂಡಿತು. ಅರಸರ ಜೊತೆಗೆ ಕಾಂಗ್ರೆಸ್ ಕಳೆದುಕೊಂಡ ಮನೆಗಳ ಕೀಲಿ ಆ ಕಡೆಯಿಂದ ಬಂತು.

ಸೋಲನ್ನು ಒಪ್ಪಿಕೊಳ್ಳುವ ರೀತಿಯ ಬಗ್ಗೆಯೂ ಒಂದು ಮಾತು. 1984ರ ಡಿಸೆಂಬರ್‌ನ ಲೋಕಸಭೆ ಚುನಾವಣೆಯಲ್ಲಿ ರಾಜ್ಯದಲ್ಲಿ ಕಾಂಗ್ರೆಸ್‌ಗೆ 24, ಸರ್ಕಾರ ನಡೆಸುತ್ತಿದ್ದ ನಮಗೆ 4. ಇಂದಿರಾ ಹತ್ಯೆಯ ಅನುಕಂಪ ಎಂದು ಹೇಳಿ ಹೆಗಡೆಯವರು ಕುರ್ಚಿಯಲ್ಲಿ ಮುಂದುವರಿಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಜನಾದೇಶ ಹೋಯಿತು ಎಂದು ರಾಜೀನಾಮೆ ಕೊಟ್ಟು ವಿಧಾನಸಭೆಯನ್ನು ವಿಸರ್ಜಿಸಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು 139 ಕೊಟ್ಟರು. ಮೂರು ತಿಂಗಳೊಳಗೆ! ಅದರಲ್ಲಿ ಲೆಕ್ಕಾಚಾರವೂ ಇತ್ತು ಎನ್ನುವವರಿದ್ದಾರೆ. ಇರಲಿ. ಸೋತ ಮೇಲೆ ತಾನೇ ಏನಾದರೂ ಪಣಕ್ಕಿಟ್ಟ ನಾಯಕನನ್ನು ನಾನು ನೋಡಿದ್ದು ಆ ಒಂದೇ ಸಲ. ಉಳಿದವರೆಲ್ಲ ಜಿಲ್ಲಾಧ್ಯಕ್ಷರ ತಲೆಯನ್ನು ಪಣಕ್ಕಿಟ್ಟವರು.

ನಮ್ಮ ಪಕ್ಷ ಆಮೇಲೆ ಹೇಗೆ ಹಾಳಾಯಿತು ಎನ್ನುವುದಕ್ಕೆ ಹೆಚ್ಚು ಜಾಗ ಬೇಡ. ದೊಡ್ಡವರು ಕಿತ್ತಾಡಿದರು, 1989ರಲ್ಲಿ ಜನತಾದಳಕ್ಕೆ 24 ಉಳಿಯಿತು. ಅದೇ ಸಲ ಕಾಂಗ್ರೆಸ್ ದೇಶದಲ್ಲಿ ಸೋತರೂ ಇಲ್ಲಿ 178 ಗೆದ್ದಿತು. ಗೆಲ್ಲಿಸಿದ್ದು ಯಾರು? ನಾವು 1978ರಲ್ಲಿ ಇಂದಿರಾ ಎದುರು ನಿಲ್ಲಿಸಿದ್ದ ಅದೇ ವೀರೇಂದ್ರ ಪಾಟೀಲರು, ಅಷ್ಟರಲ್ಲಿ ಕಾಂಗ್ರೆಸ್ ಸೇರಿದ್ದರು. ಒಂದು ವರ್ಷದೊಳಗೆ, ಅನಾರೋಗ್ಯದಲ್ಲಿದ್ದ ಅವರ ಬದಲಾವಣೆಯನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಹೇಳಿ ಹೊರಟರು. 1994ರಲ್ಲಿ ಕಾಂಗ್ರೆಸ್‌ಗೆ 34. ಅರಸರ ಕಥೆಯೇ ಮತ್ತೆ ನಡೆಯಿತು.

ಆದ್ದರಿಂದ ನಿಮ್ಮ ಹತ್ತು ನಿಮಿಷದಲ್ಲಿ ನಾಯಕ ಯಾರಾಗಬೇಕು ಎಂಬ ವಿಷಯವನ್ನು ಮುಟ್ಟಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಜಿಲ್ಲೆಯಲ್ಲಿ ಪಕ್ಷ ಇನ್ನೂ ನಿಂತಿರುವುದು ಎಲ್ಲಿ, ಅಲ್ಲಿ ಅದನ್ನು ನಿಲ್ಲಿಸಿದವರು ಯಾರು, ಅವರಿಗೆ ಪಕ್ಷ ಏನು ಕೊಟ್ಟಿದೆ ಎಂದು ಕೇಳಿ. ಸದಸ್ಯತ್ವದ ಸಂಖ್ಯೆ ಓದಿ ಹೇಳಿದರೆ ನಂಬಬೇಡಿ. ತೋಟದ ಚೆಕ್‌ರೋಲ್‌ನಲ್ಲಿ, ಅಂದರೆ ಆಳುಗಳ ಪಟ್ಟಿಯಲ್ಲಿ, ಹೆಸರು ಇದ್ದ ಮಾತ್ರಕ್ಕೆ ಆಳು ಬೆಳಗಿನ ಮಸ್ಟರ್‌ಗೆ, ಹಾಜರಿಗೆ, ಬಂದಂತೆ ಅಲ್ಲ. ನಾನು ಆಯುಷ್ಯವೆಲ್ಲ ಬರೆದದ್ದು ಅದನ್ನೇ.

ಉತ್ತರ: ಕರಾವಳಿಯವನು

ಹಳೇ ಜನತಾ ಅವರ ಬರಹ ಇಷ್ಟವಾಯಿತು, ಅರ್ಧ ಒಪ್ಪುತ್ತೇನೆ. ನಾನು ಬಿಜೆಪಿಯ ಬೆಂಬಲಿಗ, ಮುಚ್ಚಿಡುವುದೇನೂ ಇಲ್ಲ. ಸೋತು ಎದ್ದ ಪಕ್ಷದ ಮಾತು ಬಂದರೆ 1984ನ್ನು ಬಿಟ್ಟು ಮಾತನಾಡುವುದು ಹೇಗೆ? ದೇಶದಲ್ಲಿ ಎರಡೇ ಸ್ಥಾನ: ಆಂಧ್ರದ ಹನಮಕೊಂಡ, ಗುಜರಾತಿನ ಮೆಹಸಾಣ. ವಾಜಪೇಯಿಯವರೇ ಗ್ವಾಲಿಯರ್‌ನಲ್ಲಿ ಸೋತರು. ಆ ಪಕ್ಷ ಯಾರ ಸಭೆಯಲ್ಲೂ ಹಿಂದಿನ ಸಾಲಿನಲ್ಲಿ ಕೂರಲಿಲ್ಲ. ತಾನು ಯಾರು ಎಂದು ಮೊದಲು ತೀರ್ಮಾನಿಸಿಕೊಂಡಿತು. 1980ರಲ್ಲಿ ಹುಟ್ಟುವಾಗ ಗಾಂಧಿವಾದಿ ಸಮಾಜವಾದ ಎಂದು ಹೇಳಿಕೊಂಡಿತ್ತು, ಅದು ಕಾರ್ಯಕರ್ತರಿಗೂ ಹಿಡಿಸಲಿಲ್ಲ, ಮತದಾರರಿಗೂ ತಿಳಿಯಲಿಲ್ಲ. 1985ರಲ್ಲಿ ಕಾರ್ಯತಂಡ ರಚಿಸಿ ಪರಾಮರ್ಶೆ ಮಾಡಿ ಜನಸಂಘದ ಕಾಲದ ದೀನದಯಾಳ ಉಪಾಧ್ಯಾಯರ ಏಕಾತ್ಮ ಮಾನವವಾದಕ್ಕೆ ಮರಳಿತು. 1986ರಲ್ಲಿ ಆಡ್ವಾಣಿ ಅಧ್ಯಕ್ಷರಾದರು, 1989ರ ಜೂನ್‌ನಲ್ಲಿ ಪಾಲಂಪುರದಲ್ಲಿ ಅಯೋಧ್ಯೆಯ ನಿರ್ಣಯ. ಆ ವರ್ಷವೇ 85 ಸ್ಥಾನ, 1991ರಲ್ಲಿ 120, 1996ರಲ್ಲಿ 161.

ಸಿದ್ಧಾಂತ ಸ್ಪಷ್ಟವಿಲ್ಲದ ಪಕ್ಷದ ವಿಳಾಸ ಜನಕ್ಕೆ ಗೊತ್ತಿದ್ದು ಏನು ಪ್ರಯೋಜನ? ಜನತಾ ಪಕ್ಷದ ವಿಳಾಸ ಎಲ್ಲರಿಗೂ ಗೊತ್ತಿತ್ತು. ಮನೆಯೊಳಗೆ ಇದ್ದವರಿಗೇ ತಾವು ಏಕೆ ಒಟ್ಟಿಗೆ ಇದ್ದೇವೆ ಎಂದು ಗೊತ್ತಿರಲಿಲ್ಲ.

ಉತ್ತರ: ಹಳೇ ಜನತಾ

ಕೊನೆಯ ಸಾಲಿಗೆ ನನ್ನಲ್ಲಿ ಮಾತಿಲ್ಲ, ಅದು ನಿಜ.

ಉಳಿದದ್ದಕ್ಕೆ ಎರಡು ತಕರಾರು. ಎರಡು ಸ್ಥಾನ ಬಂದ ಆ ಚುನಾವಣೆಯಲ್ಲೂ ಬಿಜೆಪಿಗೆ ನೂರಕ್ಕೆ ಏಳಕ್ಕೂ ಹೆಚ್ಚು ಮತ ಇತ್ತು. ನೆಲ ಖಾಲಿ ಇರಲಿಲ್ಲ. 1989ರ 85ರ ಹಿಂದೆ ನಿರ್ಣಯದಷ್ಟೇ ಬೊಫೋರ್ಸ್ ಫಿರಂಗಿ ಖರೀದಿಯ ಲಂಚದ ಗದ್ದಲವೂ, ವಿ.ಪಿ. ಸಿಂಗ್ ಅವರ ಜನತಾದಳದ ಜೊತೆಗಿನ ಸ್ಥಾನ ಹೊಂದಾಣಿಕೆಯೂ ಇದ್ದವು. ಸಿದ್ಧಾಂತ ಸ್ಪಷ್ಟವಾದ ವರ್ಷವೇ ಅವರು ಲೆಕ್ಕದಲ್ಲೂ ಚುರುಕಾಗಿದ್ದರು.

ಕರ್ನಾಟಕವನ್ನೇ ನೋಡಿ. ಅದೇ ಸಿದ್ಧಾಂತ, ಅದೇ ನಾಯಕರು, ಆದರೂ 1989ರಲ್ಲಿ ಇಲ್ಲಿ ವಿಧಾನಸಭೆಗೆ 4. 1994ರಲ್ಲಿ 40, 2004ರಲ್ಲಿ 79, 2008ರಲ್ಲಿ 110. ಪಾಲಂಪುರದ ನಿರ್ಣಯ ಒಂದೇ ದಿನದ್ದು. ಇಲ್ಲಿ ಅದು ಸರ್ಕಾರವಾಗಲು ಸುಮಾರು ಎರಡು ದಶಕ ಬೇಕಾಯಿತು. ಆ ಎರಡು ದಶಕದಲ್ಲಿ ಶಿಕಾರಿಪುರದಂಥ ಕಡೆ ಯಾರು ಯಾರ ಮನೆಗೆ ನಡೆದುಹೋದರು ಎನ್ನುವುದನ್ನು ನೀವೂ ಬಲ್ಲಿರಿ. ಮೈತ್ರಿಯ ವಿಷಯಕ್ಕೂ ಇದೇ ಮಾತು. ಕಾಂಗ್ರೆಸ್ 1998ರಲ್ಲಿ ಪಚ್‌ಮಢಿಯಲ್ಲಿ ಕೂತು ತಾನೊಂದೇ ಗೆಲ್ಲಬಲ್ಲೆ ಎಂಬ ಧಾಟಿಯಲ್ಲಿ ಮಾತನಾಡಿತು, 1999ರಲ್ಲಿ ಮತ್ತೆ ಸೋತಿತು, 2003ರಲ್ಲಿ ಶಿಮ್ಲಾದಲ್ಲಿ ಕೂತು ಜೊತೆಗಾರರು ಬೇಕು ಎಂದಿತು, 2004ರಲ್ಲಿ 145 ಸ್ಥಾನ ಇಟ್ಟುಕೊಂಡೇ ಸರ್ಕಾರ ಮಾಡಿತು. ಅಹಂಕಾರ ಕರಗಲು ಐದು ವರ್ಷ ಹಿಡಿಯಿತು, ಅಷ್ಟೇ.

ಉತ್ತರ: ಲೀಡ್ಸ್‌ನಿಂದ

ಹಾಸನದವಳು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದೇನೆ. ಇಲ್ಲಿ ನೆಲೆಸಿರುವ ಭಾರತೀಯ ಪಾಸ್‌ಪೋರ್ಟಿನವರಿಗೂ ಕಾಮನ್‌ವೆಲ್ತ್ ಪ್ರಜೆಗಳೆಂಬ ಲೆಕ್ಕದಲ್ಲಿ ಮತದಾನದ ಹಕ್ಕಿದೆ. ಊರಿನಲ್ಲಿ ಪಕ್ಷದ ಕಚೇರಿಯ ಮೆಟ್ಟಿಲು ಹತ್ತದ ನಾನು ಇಲ್ಲಿ ಲೇಬರ್ ಪಕ್ಷದ ಸದಸ್ಯೆ.

2019ರ ಡಿಸೆಂಬರ್‌ನಲ್ಲಿ ಲೇಬರ್ 202 ಸ್ಥಾನಕ್ಕೆ ಇಳಿಯಿತು, 1935ರ ನಂತರದ ಅತಿ ಕೆಟ್ಟ ಸೋಲು. ನಮ್ಮ ಪಕ್ಕದ ವೇಕ್‌ಫೀಲ್ಡ್ 1932ರಿಂದ ಲೇಬರ್ ಕೈಯಲ್ಲಿತ್ತು, ಅದೂ ಹೋಯಿತು. ಆರು ತಿಂಗಳಲ್ಲಿ, 2020ರ ಜೂನ್‌ನಲ್ಲಿ, ಲೇಬರ್ ಟುಗೆದರ್ ಎಂಬ ಒಳಗಿನವರದೇ ಗುಂಪು ಸೋಲಿನ ಪರಾಮರ್ಶೆಯನ್ನು ಪ್ರಕಟಿಸಿತು. ನಾಯಕತ್ವ, ಬ್ರೆಕ್ಸಿಟ್, ನಂಬಲಾಗದಷ್ಟು ಭರವಸೆಗಳಿದ್ದ ಪ್ರಣಾಳಿಕೆ, ದಶಕಗಳಿಂದ ಸವೆಯುತ್ತಿದ್ದ ಹಳೆಯ ನಂಟು, ಎಲ್ಲವೂ ಅದರಲ್ಲಿತ್ತು. ಯಾರು ಬೇಕಾದರೂ ಓದಬಹುದಿತ್ತು. ಆಂಟನಿ ವರದಿಯ ಮಾತು ಓದಿದಾಗ ಇದು ನೆನಪಾಯಿತು.

ಆದರೆ ವರದಿ ಓದಿದವರು ಯಾರೂ ಮನೆಬಾಗಿಲಲ್ಲಿ ಸಿಗಲಿಲ್ಲ! 2021ರಲ್ಲಿ ಬ್ಯಾಟ್ಲಿ ಆಂಡ್ ಸ್ಪೆನ್ ಉಪಚುನಾವಣೆಗೆ ನಾನು ಮನೆ ಮನೆಗೆ ಹೋಗುವ ಗುಂಪಿನಲ್ಲಿದ್ದೆ. ಕೈಗೆ ಒಂದು ಹಾಳೆ ಕೊಡುತ್ತಾರೆ: ಬೀದಿಯ ಹೆಸರು, ಮನೆ ಸಂಖ್ಯೆ, ಹಿಂದೆ ಕೇಳಿದಾಗ ಯಾವ ಪಕ್ಷ ಎಂದಿದ್ದರು ಎಂಬ ಗುರುತು. ಹಲವು ಮನೆಗಳ ಎದುರಿನ ಗುರುತು ವರ್ಷಗಳ ಹಿಂದಿನದು. ಅಂದರೆ ಅಲ್ಲಿಯವರೆಗೆ ಯಾರೂ ಆ ಬಾಗಿಲು ತಟ್ಟಿರಲಿಲ್ಲ. ಒಬ್ಬ ಅಜ್ಜ ಬಾಗಿಲು ತೆರೆದು, ‘ಓ, ನೀವಿನ್ನೂ ಇದ್ದೀರಾ’ ಎಂದ. ತಮಾಷೆಗೆ ಹೇಳಿದ್ದಲ್ಲ. ಆ ಚುನಾವಣೆಯನ್ನು ಪಕ್ಷ ಗೆದ್ದದ್ದು 323 ಮತಗಳಿಂದ. ಎರಡು ತಿಂಗಳ ಹಿಂದೆ ಹಾರ್ಟ್ಲಿಪೂಲ್ ಕಳೆದುಕೊಂಡಿತ್ತು, ಇದೂ ಹೋಗಿದ್ದರೆ ಕಿಯರ್ ಸ್ಟಾರ್ಮರ್ ನಾಯಕರಾಗಿ ಉಳಿಯುವುದು ಕಷ್ಟವಿತ್ತು. ಮರುವರ್ಷ ವೇಕ್‌ಫೀಲ್ಡ್ ಉಪಚುನಾವಣೆಯಲ್ಲಿ ಮರಳಿ ಬಂತು.

2024ರಲ್ಲಿ 411 ಸ್ಥಾನ. ಹೊರಗಿನಿಂದ ನೋಡಿದರೆ ಅದ್ಭುತ. ಮತಪ್ರಮಾಣ ಮಾತ್ರ 2019ರ 32ರಿಂದ ಸುಮಾರು 34ಕ್ಕೆ ಏರಿತ್ತು, ಅಷ್ಟೇ. ಎದುರಿನ ಕನ್ಸರ್ವೇಟಿವ್ ಮತಗಳು ಒಡೆದು ಹೋಗಿದ್ದವು. ಗೆಲ್ಲುವುದೂ ಕಟ್ಟುವುದೂ ಒಂದೇ ಅಲ್ಲ ಎಂದು ಹಿರಿಯರು ಬರೆದದ್ದನ್ನು ಓದಿದಾಗ ನನಗೆ ಚಿಕ್ಕಮಗಳೂರಿಗಿಂತ ಯಾರ್ಕ್‌ಶೈರ್ ಹೆಚ್ಚು ಕಣ್ಣಿಗೆ ಬಂತು.

ತಾಲ್ಲೂಕು ಕಾರ್ಯಕರ್ತ

ಎಲ್ಲರಿಗೂ ಧನ್ಯವಾದ. ಹಳೇ ಜನತಾ ಸರ್, ಪಕ್ಷ ಎಲ್ಲಿ ನಿಂತಿದೆ ಎಂದು ಹುಡುಕಿ ಎಂದಿರಿ. ನಮ್ಮ ವಿಧಾನಸಭಾ ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿವೆ. ಹುಡುಕುವುದು ಹೇಗೆ? ಇದನ್ನೆಲ್ಲ ಸಭೆಯಲ್ಲಿ ಹೇಳಿದರೆ ದೊಡ್ಡವರು ಸಿಟ್ಟಾಗುವುದಿಲ್ಲವೇ?

ಉತ್ತರ: ಹಳೇ ಜನತಾ

ನಮೂನೆ 20 ಎಂದು ಕೇಳಿದ್ದೀರಾ? ಮತಗಟ್ಟೆವಾರು ಯಾರಿಗೆ ಎಷ್ಟು ಮತ ಎಂಬ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಸಿಗುತ್ತದೆ. 2019ರ ಲೋಕಸಭೆ, 2023ರ ವಿಧಾನಸಭೆ, 2024ರ ಲೋಕಸಭೆ, ಮೂರನ್ನೂ ಪಕ್ಕಪಕ್ಕ ಇಡಿ. ಒಂದು ಎಚ್ಚರಿಕೆ: ಮತಗಟ್ಟೆಯ ಸಂಖ್ಯೆಯನ್ನು ನಂಬಬೇಡಿ. ನಡುವೆ ಮತಗಟ್ಟೆಗಳನ್ನು ಒಡೆದು, ಕೂಡಿಸಿ, ಸಂಖ್ಯೆ ಬದಲಾಗಿರುತ್ತದೆ. ಶಾಲೆಯ ಹೆಸರು, ಊರಿನ ಹೆಸರು ನೋಡಿ ಹೊಂದಿಸಿ. ಕಂಪ್ಯೂಟರಿನ ಹುಡುಗರು ಎಡವುವುದು ಇಲ್ಲೇ.

ನಿಮಗೆ ಬೇಕಾದ ಮತಗಟ್ಟೆಗಳು ಎರಡು ಬಗೆಯವು. ಪಕ್ಷ ಎಲ್ಲ ಕಡೆ ಕುಸಿದಾಗಲೂ ಕುಸಿಯದ್ದು ಒಂದು ಬಗೆ. ಅಲ್ಲಿಗೆ ಹೋಗಿ ಏಕೆ ಎಂದು ಕೇಳಿ. ಬಹುತೇಕ ಕಡೆ ಯಾರೋ ಒಬ್ಬರು ಪಿಂಚಣಿ ಅರ್ಜಿ ಬರೆದುಕೊಡುವವರು, ಸಹಕಾರ ಸಂಘದ ಕಾರ್ಯದರ್ಶಿ, ಇಲ್ಲವೇ ಒಬ್ಬ ಪಂಚಾಯಿತಿ ಸದಸ್ಯೆ ಇರುತ್ತಾರೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲದ ಕಾರಣ ಅವರ ಹೆಸರು ನಿಮ್ಮ ಜಿಲ್ಲಾ ಕಚೇರಿಗೆ ಗೊತ್ತೇ ಇರುವುದಿಲ್ಲ. ವಿಧಾನಸಭೆಗೆ ಮತ ಬಂದು ಲೋಕಸಭೆಗೆ ಬಾರದ್ದು ಇನ್ನೊಂದು ಬಗೆ. ಅಲ್ಲಿ ಜನ ನಿಮ್ಮನ್ನು ಬಿಟ್ಟಿಲ್ಲ, ನಿಮ್ಮ ದೆಹಲಿಯವರನ್ನು ಬಿಟ್ಟಿದ್ದಾರೆ. ಅಥವಾ ಮತ ಹಾಕಲು ಬಂದೇ ಇಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ, ಮದ್ದು ಬೇರೆ. ಒಟ್ಟು ಚಲಾವಣೆಯಾದ ಮತವನ್ನು ನೋಡಿದರೆ ತಿಳಿಯುತ್ತದೆ. ಅಂದು ಮತಗಟ್ಟೆಯೊಳಗೆ ಏಜೆಂಟ್ ಆಗಿ ಕೂತವನನ್ನು ಕರೆದುಕೊಂಡು ಮತದಾರರ ಪಟ್ಟಿ ಹಿಡಿದು ಬೀದಿ ಸುತ್ತಿ. ಸತ್ತವರು, ಮದುವೆಯಾಗಿ ಹೋದವರು, ಬೆಂಗಳೂರಿಗೆ ಹೋಗಿ ಹಬ್ಬಕ್ಕೆ ಮಾತ್ರ ಬರುವವರು ಎಷ್ಟು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆ ಬೂತಿನಲ್ಲಿ ನಿಮಗೆ ಏಜೆಂಟೇ ಇರಲಿಲ್ಲ ಎಂದು ಗೊತ್ತಾದರೆ ಬೇರೆ ಕಾರಣ ಹುಡುಕಲು ಹೋಗಬೇಡಿ.

ಐದು ಮತಗಟ್ಟೆ ಸಾಕು. ಇನ್ನೂರನ್ನೂ ನೋಡುತ್ತೇನೆ ಎಂದು ಹೊರಟರೆ ಹತ್ತನೆಯದರ ಹೊತ್ತಿಗೆ ಕೂತಲ್ಲೇ ಅಂಕಿ ಬರೆಯಲು ಶುರುಮಾಡುತ್ತೀರಿ.

ದೊಡ್ಡವರ ಸಿಟ್ಟಿನ ವಿಷಯ. ‘ನನಗೆ ಅನಿಸುತ್ತದೆ’ ಎಂದು ಆರಂಭಿಸಿದರೆ ಸಿಟ್ಟಾಗುತ್ತಾರೆ. ಚುನಾವಣಾ ಆಯೋಗದ ಅಂಕಿ ಓದಿದರೆ ಯಾರ ಮೇಲೆ ಸಿಟ್ಟಾಗುವುದು? ಊರಿನ ಹೆಸರು, ಮೂರು ಚುನಾವಣೆಯ ಮೂರು ಅಂಕಿ, ಅಲ್ಲಿ ದುಡಿದವರ ಹೆಸರು, ಇಷ್ಟನ್ನೇ ಓದಿ. ದುಡಿದವರನ್ನು ಮೊದಲೇ ಕೇಳಿ, ಒಪ್ಪಿದರೆ ಮಾತ್ರ ಹೆಸರು ಹೇಳಿ. ಕೆಲವರು ಬೇಡ ಎನ್ನುತ್ತಾರೆ, ಅವರ ಅನುಭವ ಹಾಗಿರುತ್ತದೆ. ಹಾಳೆಯ ಪ್ರತಿಗಳನ್ನು ಹತ್ತಾರು ಹೆಚ್ಚಿಗೆ ಮಾಡಿಸಿ ಮೊದಲು ಕೆಳಗೆ ಕೂತವರಿಗೆ ಹಂಚಿ, ವೇದಿಕೆಗೆ ಆಮೇಲೆ. ಅಕ್ಷರ ದಪ್ಪವಿರಲಿ.